ಕೈಪಿಡಿ ಓದೋರು ಯಾರು?

ಸಾಫ್ಟ್‌ವೇರ್ ಕೆಲಸದಲ್ಲಿ ಇರುವವರನ್ನ ಯಾರನ್ನ ಬೇಕಾದರೂ ಕೇಳಿ ನೋಡಿ, ಡಾಕ್ಯುಮೆಂಟೇಶನ್ ಬರೆಯೋದು ಅಂದ್ರೆ ಮುಖ ಸಿಂಡರಿಸ್ತಾರೆ. ಪ್ರಾಜೆಕ್ಟ್ ಪ್ಲಾನಿನಲ್ಲಿ ಕೊನೆಯ ಎರಡು ದಿನ ಅದಕ್ಕೆ ಅಂತ ಇಟ್ಟಿರ್ತಾರೆ. ಆ ಎರಡು ದಿನ ಬಗ್ ಸರಿಮಾಡೋದರಲ್ಲೇ ಮುಗಿದುಹೋಗುತ್ತೆ. ಕೊನೆಗೆ ಉಳಿಯೋದು ಒಂದು ಹಳೇ ವರ್ಡ್ ಫೈಲು, ಅದರೊಳಗೆ ಎರಡು ಸ್ಕ್ರೀನ್‌ಶಾಟು.

ಅಂಥಾ ನಮ್ಮ ಜನ ಈಗ ಒಂದೆರಡು ವರ್ಷದಿಂದ ಶ್ರದ್ಧೆಯಿಂದ ಕೂತು ಕೈಪಿಡಿ ಬರೀತಾ ಇದ್ದಾರೆ! ಯಾರಿಗೋಸ್ಕರ ಅಂತೀರಾ? ಏಜೆಂಟಿಗೋಸ್ಕರ. (ಎಲ್ಐಸಿ ಏಜೆಂಟ್ ಅಲ್ಲ ಸ್ವಾಮಿ :-) ಎಐ ಏಜೆಂಟು.) ಈ ಕ್ಷೇತ್ರದಲ್ಲಿ ಇಲ್ಲದ ಗೆಳೆಯರಿಗೆ ಎರಡೇ ಮಾತಲ್ಲಿ ಹೇಳೋದಾದರೆ, ಚಾಟ್‌ಜಿಪಿಟಿ, ಕ್ಲಾಡ್ ಥರದ ಭಾಷಾ ಮಾದರಿಗೆ ಬರೀ ಮಾತಾಡೋ ಕೆಲಸ ಕೊಡದೆ, ಕೈಗೆ ನಾಲ್ಕು ಸಲಕರಣೆ ಕೊಟ್ಟು "ಈ ಕೆಲಸ ಮುಗಿಸಿಕೊಂಡು ಬಾ" ಅಂತ ಕಳಿಸೋದು. ಫೈಲ್ ತೆರೆಯೋಕೆ ಒಂದು, ಹುಡುಕೋಕೆ ಒಂದು, ಡೇಟಾಬೇಸ್ ಕೇಳೋಕೆ ಒಂದು. ಯಾವ ಸಲಕರಣೆ ಏನು ಮಾಡುತ್ತೆ ಅನ್ನೋದನ್ನ ಅದು ತಿಳಿದುಕೊಳ್ಳೋದು ನಾವು ಬರೆದಿಟ್ಟ ವಿವರಣೆಯಿಂದ. ವಿವರಣೆ ಗೊಂದಲವಾಗಿದ್ರೆ ಕೆಲಸವೂ ಗೊಂದಲ.

ಇದನ್ನ ಎಲ್ಲರೂ ಹೊಚ್ಚ ಹೊಸ ಸಮಸ್ಯೆ ಅನ್ನೋ ಹಾಗೆ ಮಾತಾಡ್ತಾರೆ. ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ ಅಂತ ಅನ್ನಿಸ್ತು. ನೋಡಿದಷ್ಟೂ ಮಜಾ ಇದೆ.

1944ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಒನ್ ಅನ್ನೋ ಯಂತ್ರ ಇತ್ತು. ಐವತ್ತೊಂದು ಅಡಿ ಉದ್ದ, ಎಂಟು ಅಡಿ ಎತ್ತರ. ಅಮೆರಿಕದ ನೌಕಾದಳದಿಂದ ಅಲ್ಲಿಗೆ ಕೆಲಸಕ್ಕೆ ಬಂದವರು ಗ್ರೇಸ್ ಹಾಪರ್, ಗಣಿತದ ಮೇಡಂ. ಯಂತ್ರದ ಯಜಮಾನ ಹೊವರ್ಡ್ ಐಕೆನ್ ಒಂದಿನ ಕರೆದು, ಇದಕ್ಕೆ ನೀನು ಪುಸ್ತಕ ಬರೆಯಬೇಕು ಅಂದರಂತೆ. ನನಗೆ ಪುಸ್ತಕ ಬರೆದು ಗೊತ್ತಿಲ್ಲ ಅಂತ ಈಕೆ. ಈಗ ನೀನಿರೋದು ನೌಕಾದಳದಲ್ಲಿ ಅಂತ ಆತ! ಹಾಪರ್ ಆಮೇಲೆ ತಾವೇ ಹೇಳಿಕೊಳ್ತಿದ್ದ ಕಥೆ ಇದು. ಐನೂರು ಪುಟ ಮೀರಿದ ಆ ಕೈಪಿಡಿ 1946ರಲ್ಲಿ ಅಚ್ಚಾಯಿತು. ಅಂದ್ರೆ ಡಾಕ್ಯುಮೆಂಟೇಶನ್ ಅನ್ನೋದು ಶುರುವಾಗಿದ್ದೇ ಮೇಲಿನವರ ಆಜ್ಞೆಯಿಂದ, ಇಷ್ಟಪಟ್ಟು ಅಲ್ಲ. ಕೇಳಿ ಸಮಾಧಾನ ಆಯ್ತಲ್ವಾ?

ಆದರೆ ನನಗೆ ನಿಜಕ್ಕೂ ಹಿಡಿಸಿದ್ದು ಇಂಗ್ಲೆಂಡಿನ ಕೇಂಬ್ರಿಜ್ ಕಥೆ. ಅಲ್ಲಿ 1949ರ ಮೇ ತಿಂಗಳಲ್ಲಿ ಎಡ್ಸ್ಯಾಕ್ ಅನ್ನೋ ಕಂಪ್ಯೂಟರ್ ಕೆಲಸ ಶುರು ಮಾಡಿತು. ಪದೇ ಪದೇ ಬೇಕಾಗೋ ಲೆಕ್ಕಗಳನ್ನ, ಉದಾಹರಣೆಗೆ ವರ್ಗಮೂಲ ತೆಗೆಯೋದು, ಸೈನ್ ಕೊಸೈನ್ ಕಂಡುಹಿಡಿಯೋದು, ಉತ್ತರವನ್ನ ಅಚ್ಚುಹಾಕೋದು, ಇವನ್ನೆಲ್ಲ ಒಂದೇ ಸಲ ಬರೆದು ಕಾಗದದ ಟೇಪಿನ ಮೇಲೆ ತೂತು ಹೊಡೆದು ಒಂದು ಕಬ್ಬಿಣದ ಬೀರುವಿನಲ್ಲಿ ಜೋಡಿಸಿಟ್ಟಿದ್ದರು. ಬೇಕಾದವರು ಆ ಟೇಪನ್ನ ನಕಲು ಮಾಡಿಕೊಂಡು ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳೋದು. 1951ರ ಹೊತ್ತಿಗೆ ಹೀಗೆ 87 ತುಣುಕುಗಳು ಇದ್ದವು. ಇವತ್ತು ನಾವು ಲೈಬ್ರರಿ ಅನ್ನೋದು ಅಲ್ಲಿ ನಿಜವಾಗಿಯೂ ಬೀರುವಿನೊಳಗಿನ ಲೈಬ್ರರಿ. ಅದೇ ವರ್ಷ ವಿಲ್ಕ್ಸ್, ವೀಲರ್, ಗಿಲ್ ಮೂವರೂ ಸೇರಿ ಈ ಬಗ್ಗೆ ಒಂದು ಪುಸ್ತಕವನ್ನೂ ತಂದರು.

ಮರುವರ್ಷ, 1952ರಲ್ಲಿ, ಡೇವಿಡ್ ವೀಲರ್ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ನಡೆದ ಎಸಿಎಂ ಸಮ್ಮೇಳನದಲ್ಲಿ ಸಬ್‌ರೂಟೀನುಗಳ ಬಗ್ಗೆ ಒಂದು ಪುಟ್ಟ ಪ್ರಬಂಧ ಓದಿದರು. ಆಗ ಅವರಿಗೆ 25 ವಯಸ್ಸು. ಅದರಲ್ಲಿ ಒಂದು ಮಾತು ಬರುತ್ತೆ. ಸಬ್‌ರೂಟೀನನ್ನ ಬರೆದು, ಪರೀಕ್ಷೆ ಮಾಡಿ ಆದಮೇಲೂ ಒಂದು ದೊಡ್ಡ ಕೆಲಸ ಉಳಿದೇ ಇರುತ್ತೆ: ಒಳಗಿನ ಕೋಡು ಗೊತ್ತಿಲ್ಲದವರೂ ಸುಲಭವಾಗಿ ಬಳಸೋ ಹಾಗೆ ಅದರ ವಿವರಣೆ ಬರೆಯೋದು. ಎಲ್ಲಕ್ಕಿಂತ ಕಷ್ಟದ ಕೆಲಸ ಅದೇ ಇರಬಹುದು ಅನ್ನೋದು ಅವರ ಅಭಿಪ್ರಾಯ. ಸಬ್‌ರೂಟೀನ್ ಅನ್ನೋ ತಂತ್ರವನ್ನೇ ರೂಪಿಸಿದವರಲ್ಲಿ ಒಬ್ಬರು, ಅದು ಹುಟ್ಟಿದ ಎರಡು ಮೂರು ವರ್ಷದಲ್ಲೇ ಹೇಳಿದ ಮಾತಿದು. ಇವತ್ತು ಏಜೆಂಟುಗಳಿಗೆ ಟೂಲ್ ಬರೆಯೋದು ಹೇಗೆ ಅಂತ ಪುಟಗಟ್ಟಲೆ ಮಾರ್ಗದರ್ಶನ ಬರುತ್ತಲ್ಲ, ಅದರ ಬಹುಪಾಲು ವೀಲರ್ ಅವರ ಈ ಒಂದು ಮಾತಿನ ವಿಸ್ತರಣೆ ಅಂತ ನನಗನ್ನಿಸುತ್ತೆ. 'ಒಳಗಿನ ಕೋಡು ಗೊತ್ತಿಲ್ಲದವರು' ಅಂತ ಅವರು ಅಂದದ್ದು ಮನುಷ್ಯರನ್ನ ಮನಸ್ಸಲ್ಲಿ ಇಟ್ಟುಕೊಂಡು, ಅಷ್ಟೇ ವ್ಯತ್ಯಾಸ.

ಇನ್ನು ಯುನಿಕ್ಸ್. ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ, ಬೋರ್ ಆದ್ರೆ ಕ್ಷಮಿಸಿ.

ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಯುನಿಕ್ಸ್ ಕಟ್ಟೋಕೆ ಶುರು ಮಾಡಿದ್ದು 1969ರಲ್ಲಿ. ಮೊದಲ ಕೈಪಿಡಿಯ ಮೇಲೆ ಇರೋ ತಾರೀಕು 1971ರ ನವೆಂಬರ್ 3. ಆಗ ಥಾಂಪ್ಸನ್‌ಗೆ 28, ರಿಚಿಗೆ 30. (28 ಅಂದ್ರೆ ಹೆಚ್ಚೂಕಮ್ಮಿ ನನ್ನ ವಯಸ್ಸು. ಹೋಲಿಕೆ ಅಲ್ಲಿಗೇ ನಿಲ್ಲಿಸೋಣ!) ಇಲ್ಲೂ ಹಿಂದೆ ನಿಂತು ಒತ್ತಾಯ ಮಾಡಿದವರು ಒಬ್ಬರಿದ್ದರು, ವಿಭಾಗದ ಮುಖ್ಯಸ್ಥ ಡಗ್ ಮೆಕಿಲ್‌ರಾಯ್.

ಆ ಕೈಪಿಡಿಯ ರಚನೆ ಇವತ್ತಿಗೂ ಹಾಗೇ ಉಳಿದಿದೆ. ಲಿನಕ್ಸ್ ಇರೋರು ಮ್ಯಾನ್ ಆಜ್ಞೆ ಕೊಟ್ಟು ನೋಡಿ. ಮೊದಲು ಹೆಸರು, ಒಂದೇ ಸಾಲಲ್ಲಿ ಇದೇನು ಅಂತ. ಆಮೇಲೆ ಬಳಸೋ ರೀತಿ. ಆಮೇಲೆ ವಿವರಣೆ. ಯಾವ ಫೈಲುಗಳನ್ನ ಮುಟ್ಟುತ್ತೆ, ಇದರ ಜೊತೆ ಇನ್ನೇನು ನೋಡಬೇಕು, ತಪ್ಪಾದರೆ ಏನನ್ನುತ್ತೆ. ಕೊನೆಗೆ ಬಗ್ಸ್ ಅನ್ನೋ ಒಂದು ಶೀರ್ಷಿಕೆ. ಈ ಸಾಮಾನು ಎಲ್ಲೆಲ್ಲಿ ಕೈಕೊಡುತ್ತೆ ಅಂತ ಮಾಡಿದವರೇ ಬರೆದುಕೊಡೋದು! ಮಿಕ್ಸಿ ಜೊತೆ ಬರೋ ಪುಸ್ತಕದಲ್ಲಿ "ತೆಂಗಿನಕಾಯಿ ಹಾಕಿದರೆ ಇದು ಸುಟ್ಟುಹೋಗುತ್ತೆ" ಅಂತ ಯಾವ ಕಂಪನಿಯಾದರೂ ಬರೆದದ್ದು ನೋಡಿದ್ದೀರಾ?

ಒಂದು ಉದಾಹರಣೆ. ಕ್ಯಾಟ್ ಅನ್ನೋ ಆಜ್ಞೆ ಫೈಲುಗಳನ್ನ ಒಂದರ ಹಿಂದೆ ಒಂದು ಜೋಡಿಸಿ ತೋರಿಸುತ್ತೆ. 'ಎ' ಮತ್ತು 'ಬಿ' ಎರಡನ್ನೂ ಜೋಡಿಸಿ ಮತ್ತೆ 'ಎ' ಗೇ ತುಂಬಿಸೋಣ ಅಂತ ಹೊಸಬರಿಗೆ ಅನ್ನಿಸೋದು ಸಹಜ. ಹಾಗೆ ಮಾಡಿದರೆ 'ಎ' ನಾಶ. ಯಾಕಂದ್ರೆ ಕ್ಯಾಟ್ ಓದೋಕೆ ಶುರು ಮಾಡೋದಕ್ಕೂ ಮುಂಚೆನೇ ಶೆಲ್ 'ಎ' ಯನ್ನ ಖಾಲಿ ಮಾಡಿ ಬರೆಯೋಕೆ ಸಿದ್ಧ ಮಾಡಿಟ್ಟಿರುತ್ತೆ. 1979ರ ಏಳನೇ ಆವೃತ್ತಿಯ ಕೈಪಿಡಿಯಲ್ಲಿ ಕ್ಯಾಟ್‌ನ ಪುಟದ ಕೊನೆಯಲ್ಲಿ ಈ ಎಚ್ಚರಿಕೆ ಇದೆ. ಅರ್ಧ ಪುಟದ ವಿವರಣೆ, ಅದರಲ್ಲಿ ಅತಿ ಮುಖ್ಯ ಅಪಾಯಕ್ಕೆ ಒಂದು ಸಾಲು. ಇಂಥ ಸಾಲು ಬರೀಬೇಕಾದರೆ ಬಳಸೋನು ಏನೇನು ಎಡವಟ್ಟು ಮಾಡಬಹುದು ಅಂತ ಯೋಚನೆ ಮಾಡಿರಬೇಕು.

ಮೆಕಿಲ್‌ರಾಯ್ ಆಮೇಲೆ ಒಂದು ಸಂದರ್ಶನದಲ್ಲಿ ಇದರ ಇನ್ನೊಂದು ಮುಖ ಹೇಳಿದ್ದಾರೆ. ಕೈಪಿಡಿಯ ಹೊಸ ಆವೃತ್ತಿ ಬರೋ ಸಮಯಕ್ಕೆ ಲ್ಯಾಬಿನಲ್ಲಿ ಗಡಿಬಿಡಿ ಶುರು ಆಗ್ತಿತ್ತಂತೆ. ಬರೆಯೋಕೆ ಕೂತಾಗ "ಛೆ, ಇಷ್ಟು ಅಸಹ್ಯವಾಗಿರೋದನ್ನ ಅಚ್ಚು ಹಾಕಿಸೋದು ಹೇಗೆ" ಅನ್ನಿಸಿ, ಎದ್ದುಹೋಗಿ ಪ್ರೋಗ್ರಾಮನ್ನೇ ಬದಲಾಯಿಸಿ ಬರ್ತಿದ್ದರಂತೆ, ವಿವರಿಸೋಕೆ ಸುಲಭ ಆಗ್ಲಿ ಅಂತ. ಯುನಿಕ್ಸ್ ಇಷ್ಟು ಚೊಕ್ಕಟ ಆಗಿದ್ದಕ್ಕೆ ಕೈಪಿಡಿಯೂ ಒಂದು ಕಾರಣ. ನಾವು ಇದನ್ನ ಪೂರ್ತಿ ಮರೆತಿದ್ವಿ. ಅಸಹ್ಯವಾಗಿರೋದನ್ನ ಹಾಗೇ ಬಿಟ್ಟು, ಅದರ ವಿವರಣೆಯನ್ನೂ ಬಿಟ್ಟಿದ್ವಿ!

ಆದರೆ ಇದೇ ಯುನಿಕ್ಸ್‌ನಲ್ಲಿ ಒಂದು ತಿರುವು ಇದೆ. 1973ರಲ್ಲಿ, ಮೆಕಿಲ್‌ರಾಯ್ ಅವರ ಬಹುದಿನದ ಒತ್ತಾಯದ ಮೇಲೆ, ಪೈಪ್ ಬಂತು. ಒಂದು ಪ್ರೋಗ್ರಾಮಿನ ಔಟ್‌ಪುಟ್ಟು ನೇರವಾಗಿ ಇನ್ನೊಂದರ ಇನ್‌ಪುಟ್ಟು. 1978ರಲ್ಲಿ ಬೆಲ್ ಸಿಸ್ಟಮ್ ಟೆಕ್ನಿಕಲ್ ಜರ್ನಲ್ಲಿನ ಯುನಿಕ್ಸ್ ವಿಶೇಷಾಂಕದ ಮುನ್ನುಡಿಯಲ್ಲಿ ಅವರು ಮತ್ತು ಸಹೋದ್ಯೋಗಿಗಳು ಹೇಳೋದು ಏನಂದ್ರೆ, ನಿಮ್ಮ ಪ್ರೋಗ್ರಾಮಿನ ಔಟ್‌ಪುಟ್ಟು ಮುಂದೆ ಯಾವುದೋ ಇನ್ನೂ ಹುಟ್ಟದ ಪ್ರೋಗ್ರಾಮಿಗೆ ಇನ್‌ಪುಟ್ ಆಗುತ್ತೆ ಅಂತ ತಿಳಿದುಕೊಂಡೇ ಬರೀರಿ, ಅದರಲ್ಲಿ ಬೇಡದ ಮಾತು ತುಂಬಬೇಡಿ. ಇನ್ನೂ ಹುಟ್ಟದ ಪ್ರೋಗ್ರಾಮು! 1978ರಲ್ಲಿ!

ಹೀಗಾಗಿ ಯುನಿಕ್ಸ್ ಮೌನಿ ಆಯಿತು. ಕೆಲಸ ಸರಿಯಾಗಿ ಆದ್ರೆ ಏನೂ ಹೇಳಲ್ಲ. ತಪ್ಪಾದರೂ ಅಷ್ಟಕ್ಕಷ್ಟೆ. ಎಡ್ ಅನ್ನೋ ಎಡಿಟರ್ ಅಂತೂ ಏನೇ ತಪ್ಪಾದರೂ ಒಂದು ಪ್ರಶ್ನಾರ್ಥಕ ಚಿಹ್ನೆ ತೋರಿಸಿ ಸುಮ್ಮನಾಗ್ತಿತ್ತು. ನಮ್ಮ ಹೈಸ್ಕೂಲಿನ ಗಣಿತದ ಮೇಷ್ಟ್ರ ಥರ. ತಪ್ಪು ಮಾಡಿದರೆ ಹುಬ್ಬು ಹಾರಿಸೋರು, ಎಲ್ಲಿ ತಪ್ಪಾಯ್ತು ಅಂತ ನಾವೇ ಹುಡುಕಬೇಕು. ಇಲ್ಲಿ ಒಂದು ವಿಷಯ ಗಮನಿಸಿ. ಔಟ್‌ಪುಟ್ ಓದೋದು ಪ್ರೋಗ್ರಾಮು, ಕೈಪಿಡಿ ಓದೋದು ಮನುಷ್ಯ. ಎರಡೂ ಬೇರೆ ಬೇರೆ ಓದುಗರು. ಇಡೀ ಲೋಕ ಹೀಗೆ ಹಂಚಿಕೊಂಡು ನಡೀತಾ ಇತ್ತು.

ಮುಂದಿನ ಇಪ್ಪತ್ತು ವರ್ಷ ಬೇಗ ಬೇಗ ದಾಟಿಬಿಡೋಣ. 1984ರಲ್ಲಿ ಡೊನಾಲ್ಡ್ ಕನೂತ್ ಪ್ರೋಗ್ರಾಮನ್ನ ಸಾಹಿತ್ಯದ ಹಾಗೆ, ಮನುಷ್ಯ ಓದೋಕೆ ಅಂತ ಬರೀಬೇಕು ಅಂದರು, ಎಲ್ಲರೂ ತಲೆದೂಗಿದರು, ಹೆಚ್ಚು ಜನ ಮಾಡಲಿಲ್ಲ. ಗ್ನೂ ಯೋಜನೆಯವರು ಮ್ಯಾನ್ ಬೇಡ, ಇನ್ಫೋ ಅಂತ ಬೇರೆ ಮಾಡಿದರು. ಪರಿಣಾಮ, ಮ್ಯಾನ್ ಪುಟ ತೆರೆದರೆ "ಪೂರ್ತಿ ವಿವರ ಅಲ್ಲಿದೆ ನೋಡಿ" ಅನ್ನೋ ಸಾಲು. ಸರ್ಕಾರಿ ಕಚೇರಿಯಲ್ಲಿ ಪಕ್ಕದ ಕೌಂಟರ್ ತೋರಿಸ್ತಾರಲ್ಲ, ಹಾಗೆ. 1996ರಲ್ಲಿ ಜಾವಾ ಜೊತೆ ಬಂದ ಜಾವಾಡಾಕ್ ಕೋಡಿನೊಳಗಿನ ಟಿಪ್ಪಣಿಯಿಂದಲೇ ಕೈಪಿಡಿ ತಯಾರಿಸಿತು. ಒಳ್ಳೆಯದೇ, ಆದ್ರೆ "ಗೆಟ್ ನೇಮ್: ನೇಮನ್ನ ಗೆಟ್ ಮಾಡುತ್ತದೆ" ಅನ್ನೋ ಸಾಹಿತ್ಯ ಪ್ರಕಾರ ಹುಟ್ಟಿದ್ದೂ ಅಲ್ಲಿಂದಲೇ.

2000ದಿಂದ ಆಚೆಗಿನದ್ದು ಸ್ವಾರಸ್ಯ. ಆಗ ಮೊದಲ ಸಲ ಕೈಪಿಡಿಯನ್ನೂ ಯಂತ್ರವೇ ಓದಲಿ ಅನ್ನೋ ಕನಸು ಬಿತ್ತು. 2000ದಲ್ಲಿ ಐಬಿಎಂ, ಮೈಕ್ರೋಸಾಫ್ಟ್, ಅರಿಬಾ ಸೇರಿ ಯುಡಿಡಿಐ ಅನ್ನೋ ಪಟ್ಟಿ ಶುರು ಮಾಡಿದವು. ಜಗತ್ತಿನ ಸೇವೆಗಳೆಲ್ಲ ಅಲ್ಲಿ ಹೆಸರು ನೋಂದಾಯಿಸಬೇಕು, ಪ್ರೋಗ್ರಾಮುಗಳು ತಾವೇ ಹುಡುಕಿಕೊಂಡು ಹೋಗಿ ಬಳಸಬೇಕು. ಪ್ರತಿ ಸೇವೆಗೂ ಡಬ್ಲ್ಯುಎಸ್‌ಡಿಎಲ್ ಅನ್ನೋ ಎಕ್ಸ್‌ಎಂಎಲ್ ವಿವರಣೆ. 2001ರ ಮೇ ತಿಂಗಳ ಸೈಂಟಿಫಿಕ್ ಅಮೆರಿಕನ್‌ನಲ್ಲಿ ಟಿಮ್ ಬರ್ನರ್ಸ್-ಲೀ ಮತ್ತಿಬ್ಬರು ಸೆಮ್ಯಾಂಟಿಕ್ ವೆಬ್ ಬಗ್ಗೆ ಬರೆದ ಲೇಖನದಲ್ಲಂತೂ 'ಏಜೆಂಟ್' ಅನ್ನೋ ಪದವೇ ಇದೆ! ತಾಯಿಯ ಚಿಕಿತ್ಸೆಗೆ ಡಾಕ್ಟರ ಸಮಯ ಹೊಂದಿಸಿಕೊಡೋ ಏಜೆಂಟು.

ನಮ್ಮ ಆಫೀಸಿನ ಹಿರಿಯರೊಬ್ಬರು ಆ ಕಾಲದಲ್ಲಿ ಬೆಂಗಳೂರಲ್ಲಿ ಇದರ ಮೇಲೇ ಕೆಲಸ ಮಾಡಿದವರು. ಡಬ್ಲ್ಯುಎಸ್‌ಡಿಎಲ್ ಅಂದ್ರೆ ಈಗಲೂ ಎರಡು ಕೈ ಮುಗೀತಾರೆ. ಐಬಿಎಂ, ಮೈಕ್ರೋಸಾಫ್ಟ್, ಎಸ್‌ಎಪಿ ತಮ್ಮ ಸಾರ್ವಜನಿಕ ಯುಡಿಡಿಐ ಪಟ್ಟಿಗಳನ್ನ 2006ರ ಜನವರಿಯಲ್ಲಿ ಮುಚ್ಚಿದವು. ಯಾಕೆ ಸೋತಿತು ಅನ್ನೋದಕ್ಕೆ ಕಾರಣ ಹಲವಾರು. ನನಗೆ ಕಾಣೋ ಕಾರಣ ಇಷ್ಟು: ಆ ವಿವರಣೆಗಳು ಆಕಾರ ಹೇಳ್ತಿದ್ದವು, ಅರ್ಥ ಹೇಳ್ತಿರಲಿಲ್ಲ. 'ದಿನಾಂಕ' ಅನ್ನೋ ಜಾಗಕ್ಕೆ ದಿನಾಂಕ ಕೊಡಬೇಕು ಅಂತ ಗೊತ್ತಾಗುತ್ತೆ. ಅದು ಹೊರಡೋ ದಿನವೋ ತಲುಪೋ ದಿನವೋ? ಅದನ್ನ ತಿಳಿಯೋಕೆ ಫೋನ್ ಎತ್ತಬೇಕಿತ್ತು. ಫೋನ್ ಎತ್ತೋದು ಪ್ರೋಗ್ರಾಮಿಗೆ ಬರ್ತಿರಲಿಲ್ಲ. 2011ರಲ್ಲಿ ಬಂದು ಮುಂದೆ ಓಪನ್‌ಎಪಿಐ ಆದ ಸ್ವಾಗರ್ ಇದನ್ನ ಹಗುರ ಮಾಡಿತು. ಅದರಲ್ಲೂ ವಿವರಣೆ ಅನ್ನೋ ಜಾಗ ಐಚ್ಛಿಕ. ಐಚ್ಛಿಕ ಅಂದಮೇಲೆ ಗೊತ್ತಲ್ಲ... ಖಾಲಿ.

ಆ ಖಾಲಿ ಜಾಗಕ್ಕೆ ಬೆಲೆ ಬಂದಿದ್ದು ಭಾಷಾ ಮಾದರಿಗಳಿಂದ. 2023ರ ಮಾರ್ಚಿನಲ್ಲಿ ಓಪನ್‌ಎಐ ಪ್ಲಗಿನ್ ಅನ್ನೋದನ್ನ ತಂದಾಗ ಪ್ರತಿಯೊಂದು ಪ್ಲಗಿನ್ನಿಗೂ ಎರಡು ವಿವರಣೆ ಬರೀಬೇಕಿತ್ತು, ಒಂದು ಮನುಷ್ಯರಿಗೆ, ಇನ್ನೊಂದು ಮಾಡೆಲ್‌ಗೆ. ಮನುಷ್ಯರಿಗೆ ಒಂದೇ ಸಾಲು ಸಾಕು, ಮಾಡೆಲ್‌ಗೆ ಎಷ್ಟೋ ಪಾಲು ಹೆಚ್ಚು ಬರೆಯೋ ಅವಕಾಶ! ಆ ಪ್ಲಗಿನ್ನುಗಳು 2024ರಲ್ಲಿ ಮುಚ್ಚಿಹೋದವು, ಆದರೆ ಕೈಪಿಡಿಯ ಇತಿಹಾಸದಲ್ಲಿ ಆ ಎರಡು ಖಾನೆಗಳು ಒಂದು ಮೈಲಿಗಲ್ಲು ಅಂತ ನನ್ನ ಲೆಕ್ಕ. 2023ರ ಜೂನ್‌ನಲ್ಲಿ ಫಂಕ್ಷನ್ ಕಾಲಿಂಗ್ ಬಂತು. 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಕಂಪನಿ ಎಂಸಿಪಿ ಅನ್ನೋ ಒಡಂಬಡಿಕೆ ಹೊರತಂದಿತು. ಟೂಲಿನ ಹೆಸರು, ಅದರ ವಿವರಣೆ, ಏನೇನು ಕೊಡಬೇಕು ಅನ್ನೋ ನಕ್ಷೆ. 1971ರ ಪುಟದ ಮೊದಲ ಮೂರು ಶೀರ್ಷಿಕೆಗಳೇ ಅಲ್ವಾ ಇವು?

2024ರಲ್ಲೇ ಪ್ರಿನ್ಸ್‌ಟನ್‌ನವರು ಎಸ್‌ಡಬ್ಲ್ಯುಇ-ಏಜೆಂಟ್ ಅಂತ ಒಂದು ಮಾಡಿದರು. ಮನುಷ್ಯರಿಗೆ ಮಾಡಿದ ಆಜ್ಞೆಗಳನ್ನೇ ಏಜೆಂಟಿಗೆ ಕೊಡೋದರ ಬದಲು ಅದಕ್ಕೆ ತಕ್ಕ ಹಾಗೆ ಸಲಕರಣೆ ಮಾಡಿಕೊಟ್ಟರೆ ಅದೇ ಮಾಡೆಲ್ ಹೆಚ್ಚು ಕೆಲಸ ಮಾಡುತ್ತೆ ಅಂತ ತೋರಿಸಿದರು. ಫೈಲನ್ನ ಒಂದು ಸಲಕ್ಕೆ ನೂರು ಸಾಲು ಮಾತ್ರ ತೋರಿಸೋದು, ಹುಡುಕಿದಾಗ ಐವತ್ತಕ್ಕಿಂತ ಜಾಸ್ತಿ ಸಿಕ್ಕರೆ ಹುಡುಕಾಟ ಕಿರಿದು ಮಾಡು ಅನ್ನೋದು. ನನಗೆ ನಗು ಬಂದಿದ್ದು ಇನ್ನೊಂದಕ್ಕೆ. ಆಜ್ಞೆ ಏನೂ ಔಟ್‌ಪುಟ್ ಕೊಡದಿದ್ದರೆ, "ನಿನ್ನ ಆಜ್ಞೆ ಸರಿಯಾಗಿ ನಡೆಯಿತು, ಔಟ್‌ಪುಟ್ ಏನೂ ಇಲ್ಲ" ಅಂತ ಏಜೆಂಟಿಗೆ ಬಾಯಿಬಿಟ್ಟು ಹೇಳ್ತಾರೆ. ಐವತ್ತು ವರ್ಷದ ಯುನಿಕ್ಸ್ ಮೌನವ್ರತ ಅಲ್ಲಿಗೆ ಮುರೀತು. ಆಂಥ್ರೊಪಿಕ್‌ನವರು 2024ರ ಡಿಸೆಂಬರಿನಲ್ಲಿ ಬರೆದ ಅನುಭವವೂ ಇದೇ ಜಾಡಿನದು. ಏಜೆಂಟ್ ಬೇರೆ ಫೋಲ್ಡರಿಗೆ ಹೋದಮೇಲೆ ಅರ್ಧಂಬರ್ಧ ಫೈಲ್ ದಾರಿ ಕೊಟ್ಟು ಎಡವುತ್ತಿತ್ತಂತೆ. ಬೈದು ಬುದ್ಧಿ ಹೇಳೋ ಬದಲು, ಟೂಲನ್ನೇ ಬದಲಾಯಿಸಿ ಯಾವಾಗಲೂ ಬುಡದಿಂದ ಪೂರ್ತಿ ದಾರಿ ಕೊಡಲೇಬೇಕು ಅಂತ ಮಾಡಿದರು. ಆ ತಪ್ಪು ನಿಂತಿತು. ವಿವರಿಸೋಕೆ ಕಷ್ಟ ಆದ್ರೆ ಪ್ರೋಗ್ರಾಮನ್ನೇ ಬದಲಾಯಿಸು ಅನ್ನೋ ಮೆಕಿಲ್‌ರಾಯ್ ಕಾಲದ ಬುದ್ಧಿ ಮತ್ತೆ ಬಂತು ನೋಡಿ.

ಈಗ ನಮ್ಮ ಆಫೀಸಿನ ಕಥೆಗೆ ಬರ್ತೀನಿ. ನಮ್ಮಲ್ಲಿ ಒಂದು ಒಳಬಳಕೆಯ ಟೂಲ್ ಇದೆ. ಬರೆದವರು ಕೆಲಸ ಬಿಟ್ಟುಹೋಗಿ ನಾಲ್ಕು ವರ್ಷ ಆಯ್ತು. ಅದರಲ್ಲಿ 'ಕ್ಲೀನ್' ಅಂತ ಒಂದು ಆಜ್ಞೆ. ಅದರ ವಿವರಣೆ: "ಕ್ಲೀನ್ ಮಾಡುತ್ತದೆ." ಅಷ್ಟೇ. ಅದು ನಮ್ಮ ಫೋಲ್ಡರನ್ನ ಮಾತ್ರ ಅಲ್ಲ, ಎಲ್ಲರೂ ಹಂಚಿಕೊಂಡಿರೋ ಟೆಸ್ಟ್ ಡೇಟಾಬೇಸನ್ನೂ ಅಳಿಸುತ್ತೆ, ಅದಕ್ಕೇ ಪುಣೆಯವರು ಟೆಸ್ಟ್ ಮುಗಿಸೋ ತನಕ, ಅಂದ್ರೆ ಮಧ್ಯಾಹ್ನ ಮೂರರವರೆಗೆ ಅದನ್ನ ಓಡಿಸಬಾರದು ಅನ್ನೋದು ಟೀಮಿನಲ್ಲಿ ಎಲ್ಲರಿಗೂ ಗೊತ್ತು. ಹೇಗೆ ಗೊತ್ತು? ಟೀ ಕುಡಿಯುವಾಗ ಒಬ್ಬರು ಇನ್ನೊಬ್ಬರಿಗೆ ಹೇಳಿ. ಹೋದ ವರ್ಷ ಏಜೆಂಟಿಗೆ ಈ ಟೂಲ್ ಕೊಟ್ಟರು. ಅದು ಟೀ ಕುಡಿಯಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಕ್ಲೀನ್ ಮಾಡಿ, ಕೆಲಸ ಯಶಸ್ವಿಯಾಗಿ ಮುಗಿಯಿತು ಅಂತ ವಿನಯವಾಗಿ ವರದಿ ಕೊಡ್ತು!

ಆಮೇಲಿನ ಮೀಟಿಂಗಿನಲ್ಲಿ ಎಲ್ಲರೂ ಏಜೆಂಟನ್ನ ಬೈದರು. ಕೊನೆಗೆ ಆ ಎರಡು ಪದದ ವಿವರಣೆಯನ್ನ ತೆಗೆದು ಒಂದು ಪ್ಯಾರಾ ಬರೆದದ್ದಾಯ್ತು. ಏನೇನು ಅಳಿಸುತ್ತೆ, ಯಾವಾಗ ಓಡಿಸಬಾರದು, ವಾಪಸ್ ಬರುತ್ತಾ ಇಲ್ವಾ, ಬರೀ ತನ್ನ ಫೋಲ್ಡರ್ ಮಾತ್ರ ಚೊಕ್ಕ ಮಾಡಬೇಕಾದರೆ ಇನ್ಯಾವ ಆಜ್ಞೆ. ಆ ಪ್ಯಾರಾ ನೋಡಿ ನಮ್ಮ ಟ್ರೈನಿ ಹುಡುಗಿ ಕೇಳಿದ್ಲು, "ಸರ್, ಇದನ್ನ ಮೊದಲೇ ಬರೆದಿಟ್ಟಿದ್ರೆ ನಾನು ಎರಡು ವಾರ ಎಲ್ಲರ ಡೆಸ್ಕ್ ಹತ್ರ ಅಲೀಬೇಕಿತ್ತಾ?" ಯಾರ ಹತ್ತಿರವೂ ಉತ್ತರ ಇರಲಿಲ್ಲ. ಅವಳಿಗೆ ಬರೆದುಕೊಡೋಕೆ ಇರದ ಸಮಯ ಏಜೆಂಟಿಗೆ ಬರೆದುಕೊಡೋಕೆ ಹೇಗೆ ಬಂತು ಅನ್ನೋದು ನನಗೆ ಇನ್ನೂ ಚುಚ್ಚುತ್ತೆ. ಹೊಸಬರು ಪಟ್ಟ ಪಾಡಿಗೆ ಯಾರೂ ಲೆಕ್ಕ ಇಡಲ್ಲ, ಯಂತ್ರ ಎಡವಿದರೆ ಅದೇ ದಿನ ಮೀಟಿಂಗು.

ಹಾಗಂತ ಎಷ್ಟು ಬೇಕಾದರೂ ಬರೆದರಾಯ್ತು ಅಂತಲ್ಲ. ಏಜೆಂಟಿಗೆ ಒಂದು ಸಲಕ್ಕೆ ನೆನಪಿನಲ್ಲಿ ಹಿಡಿಯೋದು ಇಷ್ಟೇ ಅಂತ ಒಂದು ಮಿತಿ ಇದೆ. ಐವತ್ತು ಟೂಲಿನ ಉದ್ದುದ್ದ ವಿವರಣೆ ತುಂಬಿದರೆ ಮಾಡಬೇಕಾದ ಕೆಲಸಕ್ಕೇ ಜಾಗ ಇರಲ್ಲ. (ಕುತೂಹಲಕ್ಕೆ ಒಂದು ಟೂಲಿನ ವಿವರಣೆಯನ್ನ ಕನ್ನಡದಲ್ಲೇ ಬರೆದು ನೋಡಿದೆ. ಏಜೆಂಟ್ ಅರ್ಥ ಮಾಡಿಕೊಂಡು ಸರಿಯಾಗೇ ಬಳಸ್ತು! ಆದ್ರೆ ಅದೇ ಮಾತಿಗೆ ಇಂಗ್ಲಿಷಿಗಿಂತ ಜಾಸ್ತಿ ಟೋಕನ್ ಖರ್ಚು. ಇಲ್ಲೂ ನಮಗೇ ತೆರಿಗೆ ಜಾಸ್ತಿ :-( )

ಇನ್ನೊಂದು ಗಂಭೀರ ವಿಷಯ ಇದೆ. ಹಳೇ ಕೈಪಿಡಿಯಲ್ಲಿ ಯಾರಾದರೂ ಕಿತಾಪತಿ ಮಾಡಿ "ನಿಮ್ಮ ಪಾಸ್‌ವರ್ಡನ್ನ ಈ ವಿಳಾಸಕ್ಕೆ ಕಳಿಸಿ" ಅಂತ ಬರೆದಿದ್ದರೆ ಓದಿದವನು ನಕ್ಕು ಪುಟ ತಿರುಗಿಸ್ತಿದ್ದ. ಏಜೆಂಟ್ ನಗದೇ ಇರಬಹುದು. ಅದಕ್ಕೆ ಓದೋ ಮಾತಿಗೂ ಪಾಲಿಸೋ ಮಾತಿಗೂ ನಡುವೆ ಗಟ್ಟಿ ಗೋಡೆ ಇಲ್ಲ. 2022ರಲ್ಲಿ ಸೈಮನ್ ವಿಲಿಸನ್ ಇದಕ್ಕೆ ಪ್ರಾಂಪ್ಟ್ ಇಂಜೆಕ್ಷನ್ ಅಂತ ಹೆಸರಿಟ್ಟರು. 2025ರ ಏಪ್ರಿಲ್‌ನಲ್ಲಿ ಇನ್ವೇರಿಯಂಟ್ ಲ್ಯಾಬ್ಸ್‌ನವರು ಎಂಸಿಪಿ ಟೂಲಿನ ವಿವರಣೆಯೊಳಗೇ ಗುಟ್ಟಾಗಿ ಆಜ್ಞೆ ಸೇರಿಸಿ, ಏಜೆಂಟಿನ ಕೈಲಿ ಬಳಕೆದಾರನ ಖಾಸಗಿ ಫೈಲು ಕಳಿಸೋ ಹಾಗೆ ಮಾಡಬಹುದು ಅಂತ ತೋರಿಸಿದರು. ಕೂಡಿಸೋ ಟೂಲು, ಎರಡು ಸಂಖ್ಯೆ ಕೊಟ್ಟರೆ ಮೊತ್ತ ಹೇಳುತ್ತೆ, ಅದರ ವಿವರಣೆಯಲ್ಲಿ ಈ ವಿಷ! ಕೈಪಿಡಿಯೂ ಈಗ ಒಂದು ರೀತಿ ಕೋಡೇ ಆಗಿಬಿಟ್ಟಿದೆ. ಹಾಗಾದರೆ ಅದನ್ನ ಯಾರು ಬರೆದರು, ಯಾರು ತಿದ್ದಿದರು ಅನ್ನೋದನ್ನ ಕೋಡಿಗೆ ನೋಡಿದಷ್ಟೇ ನಿಗಾ ಇಟ್ಟು ನೋಡಬೇಕಲ್ವಾ? ನಮ್ಮಲ್ಲಿ ಕೋಡ್ ರಿವ್ಯೂ ಮಾಡುವಾಗ ವಿವರಣೆಯ ಸಾಲು ಬದಲಾಗಿದ್ರೆ ಈಗಲೂ ಓದದೆ ಮುಂದೆ ಹೋಗ್ತಾರೆ.

1971ರ ಕೈಪಿಡಿಯ ಶೀರ್ಷಿಕೆಗಳಲ್ಲಿ ಒಂದನ್ನ ಹೇಳೋದು ಬಾಕಿ ಉಳಿಸಿದ್ದೆ. ಪುಟದ ಕೊನೆಯಲ್ಲಿ 'ಓನರ್' ಅಂತ ಇರ್ತಿತ್ತು, ಅದರ ಮುಂದೆ 'ಕೆನ್' ಅಂತಲೋ 'ಡಿಎಂಆರ್' ಅಂತಲೋ ಲಾಗಿನ್ ಹೆಸರು. ಅರ್ಥ ಆಗದಿದ್ರೆ ಎದ್ದುಹೋಗಿ ಇವರನ್ನ ಕೇಳು ಅಂತ. ಯುನಿಕ್ಸ್ ಆ ಕಟ್ಟಡ ಬಿಟ್ಟು ಹೊರಗೆ ಬೆಳೀತಾ ಹೋದ ಹಾಗೆ ಆ ಶೀರ್ಷಿಕೆ ಬಿದ್ದುಹೋಯ್ತು. ಬಗ್ಸ್ ಉಳೀತು.

ನಮ್ಮ ಟೂಲಿನ ಹೊಸ ವಿವರಣೆಗೆ ಆ ಸಾಲನ್ನ ಸೇರಿಸೋಣ ಅಂತ ಮೀಟಿಂಗಿನಲ್ಲಿ ನಾನು ಹೇಳಿದೆ. ಒಳ್ಳೇ ಐಡಿಯಾ ಅಂದರು. ಯಾರ ಹೆಸರು ಹಾಕೋದು ಅಂದಾಗ ಎಲ್ಲರೂ ಲ್ಯಾಪ್‌ಟಾಪ್ ನೋಡೋಕೆ ಶುರು ಮಾಡಿದರು. ಸದ್ಯಕ್ಕೆ ನನ್ನ ಹೆಸರೇ ಇದೆ.